ರಾಜಕ್ಕನ ಕಪ್ಪು ಕೂದಲು

ಯೋಚನೆಗೆ ಬಿದ್ದಾಗ ರಾಜಕ್ಕನ ಬೆರಳುಗಳು ತೊಡೆಯ ಮೇಲೆ ಟೈಪು ಮಾಡುತ್ತಿದ್ದವು. ಸೀರೆಯ ನೆರಿಗೆಯ ಮೇಲೆ ಬೆರಳುಗಳು ಸರಸರ ಓಡಿ, ಸಾಲು ಮುಗಿದಂತೆ ಎಡಗೈ ಒಮ್ಮೆ ಗಾಳಿಯಲ್ಲಿ ಬಲಕ್ಕೆ ಸರಿಯುತ್ತಿತ್ತು. "ಏನು ಟೈಪು ಮಾಡಿದಿರಿ ರಾಜಕ್ಕ?" ಎಂದರೆ, "ಮೇಲಿರೋನಿಗೊಂದು ಅರ್ಜಿ ಕಣೇ ಪದ್ಮಾ. ಉತ್ರ ಬರಾಕಿಲ್ಲ ಬಿಡು" ಎನ್ನುತ್ತಿದ್ದರು.

ನಂಜನಗೂಡಿನಿಂದ ಮದುವೆಯಾಗಿ ನಾನು ಟಿ. ನರಸೀಪುರಕ್ಕೆ ಬಂದದ್ದು ತೊಂಬತ್ತರ ದಶಕದ ಮೊದಮೊದಲಲ್ಲಿ. ಪಕ್ಕದ ಮನೆಯಲ್ಲಿ ರಾಜಕ್ಕ ಮತ್ತು ಅವರ ತಾಯಿ ಚಿಕ್ಕತಾಯಮ್ಮ ಇಬ್ಬರೇ ಇದ್ದರು. ಸರ್ಕಾರಿ ಜವಾನರಾಗಿದ್ದ ತಂದೆ ನಡುವಯಸ್ಸಿನಲ್ಲೇ ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ರಾಜಕ್ಕನಿಗೆ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಮದುವೆಯ ಮಾತು ಬಂದಾಗಲೆಲ್ಲ "ಅವ್ವನ್ನ ಯಾರ್ ನೋಡ್ಕೋತಾರೆ?" ಎಂದು ಕೇಳಿ ಕೇಳಿ, ಕೊನೆಗೆ ಆ ಮಾತು ಎತ್ತುವವರೇ ಇಲ್ಲವಾಗಿದ್ದರು.

ಅವರ ತಲೆ ಬೇಗ ನೆರೆತಿತ್ತು. ಭಾನುವಾರ ಹಿತ್ತಲಲ್ಲಿ ಕೂತು, ಅಂಗಡಿಯ ಕರಿ ಪುಡಿಯನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿ ಹಳೇ ಬ್ರಷ್ಷಿನಿಂದ ಹಚ್ಚಿಕೊಳ್ಳುತ್ತಿದ್ದರು. ಚಿಕ್ಕತಾಯಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, "ಕಿವಿಗ್ ಅತ್ಕೊಂಡದೆ, ಒರ್ಸ್ಕೊಳೆ" ಎನ್ನುವರು.

ಒಂದು ಸೋಮವಾರ ರಾಜಕ್ಕ ಆಫೀಸಿಗೆ ಹೋಗಲಿಲ್ಲ. ನಾನು ಹೋಗಿ ನೋಡಿದರೆ ರೆಪ್ಪೆ ಊದಿ ಕಣ್ಣುಗಳು ಮುಚ್ಚಿಹೋಗಿದ್ದವು, ಕಿವಿಯ ಹಿಂದೆ ನೀರು ಸೋರುತ್ತಿತ್ತು. ಡಾಕ್ಟರು ಆ ಪುಡಿಯನ್ನು ಇನ್ನು ಮುಟ್ಟಲೇಬೇಡಿ, ಜೀವಕ್ಕೂ ಸಂಚಕಾರ ಬರಬಹುದು ಎಂದರು. ರಾಜಕ್ಕನಿಗೆ ಬೇಸರವೇನೂ ಆಗಲಿಲ್ಲ. "ವಯಸ್ಸಾಯ್ತು ಅಂತ ಜನಕ್ಕೆ ಗೊತ್ತಾದ್ರೆ ನಂಗೇನು ನಷ್ಟ" ಎಂದರು. ಕೆಲವೇ ತಿಂಗಳಲ್ಲಿ ತಲೆಯೆಲ್ಲ ಬೆಳ್ಳಗಾಯಿತು.

ಆ ಹೊತ್ತಿಗೆ ಚಿಕ್ಕತಾಯಮ್ಮನಿಗೆ ಮರೆವು ಶುರುವಾಗಿತ್ತು. ಒಲೆಯ ಮೇಲಿಟ್ಟ ಹಾಲು ಮರೆಯುವುದು, ಸತ್ತವರನ್ನು ಊಟಕ್ಕೆ ಕರೆಯುವುದು. ನಾವು ವಯಸ್ಸಿನ ದೋಷ ಅಂದುಕೊಂಡಿದ್ದೆವು. ಒಂದು ಸಂಜೆ ರಾಜಕ್ಕ ಆಫೀಸಿನಿಂದ ಬಂದಾಗ ಆಕೆ ಬಾಗಿಲಿಗೆ ಅಡ್ಡ ನಿಂತರು.

"ಯಾರವ್ವ ನೀನು? ನನ್ ಮಗ್ಳು ಆಪೀಸ್ಗೆ ಓಗವ್ಳೆ. ಅವ್ಳು ಬಂದ್ಮೇಲ್ ಬಾ."

"ನಾನೇ ಕಣವ್ವ, ರಾಜಿ."

"ನನ್ ರಾಜಿ ತಲೆ ಕಪ್ಗದೆ. ನೀನ್ಯಾವ್ಳೋ ಮುದ್ಕಿ."

ಬಾಗಿಲು ಮುಚ್ಚಿಕೊಂಡಿತು. ರಾಜಕ್ಕ ನಮ್ಮ ಜಗಲಿಯ ಮೇಲೆ ಕೂತರು. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು. ಅವರು ಅಳಲಿಲ್ಲ, ಬೆರಳುಗಳೂ ಅಲ್ಲಾಡಲಿಲ್ಲ.

ಅಂದಿನಿಂದ ಚಿಕ್ಕತಾಯಮ್ಮ ಮಗಳ ಕೈಯಿಂದ ಅನ್ನ ತಿನ್ನಲಿಲ್ಲ. ತಟ್ಟೆಯನ್ನು ನಾನು ಇಟ್ಟರೆ ಒಂದೆರಡು ತುತ್ತು. ರಾಜಕ್ಕ ಇಟ್ಟರೆ ಮುಖ ತಿರುಗಿಸುವರು. ಸಂಜೆಯಾದರೆ ಮಗಳನ್ನು ಕಾಯುತ್ತಾ ಬೀದಿಯಲ್ಲಿ ನಿಲ್ಲುವರು; ಮಗಳು ಅವರ ಹಿಂದೆಯೇ, ಬೀಳದಂತೆ ಕಾಯುತ್ತಾ ನಿಂತಿರುವಳು.

"ಮತ್ತೆ ಕರಿ ಪುಡೀನೇ ಹಚ್ಕೋತೀನಿ, ಆಗಿದ್ದಾಗ್ಲಿ" ಎಂದರು ಒಂದು ದಿನ.

"ನೀವು ಹೋದರೆ ಅವರನ್ನು ಯಾರು ನೋಡ್ಕೋತಾರೆ?" ಎಂದೆ. ಅವರದೇ ಮಾತು.

ಮೈಗೆ ಆಗಿಬರುವ ಬಣ್ಣದ ಹುಡುಕಾಟ ಹೀಗೆ ಶುರುವಾಯಿತು. ನೆಲ್ಲಿಚೆಟ್ಟನ್ನು ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕಿದರು, ಟೀ ಡಿಕಾಕ್ಷನ್ ಸುರಿದುಕೊಂಡರು, ಗದ್ದೆ ಬದುವಿನ ಗರಗದ ಸೊಪ್ಪು ಅರೆದು ಹಚ್ಚಿದರು. ಬಿಳಿ ಕೂದಲು ಕೊಂಚ ಮಾಸಲಾಯಿತು, ಅಷ್ಟೇ. ಬರೀ ಮದರಂಗಿ ಹಚ್ಚಿದಾಗ ತಲೆ ಕೆಂಡದಂತಾಯಿತು. ಚಿಕ್ಕತಾಯಮ್ಮ ಹೆದರಿ ಮಂಚದ ಮೂಲೆಗೆ ಸರಿದು ಕೈಮುಗಿದರು. ಪೇಟೆಯಲ್ಲಿ 'ಕಪ್ಪು ಮೆಹೆಂದಿ, ಅಪ್ಪಟ ಗಿಡಮೂಲಿಕೆ' ಎಂದು ಮಾರುತ್ತಿದ್ದ ಪೊಟ್ಟಣ ತಂದರೆ, ಮೊಣಕೈಯ ಒಳಬದಿಗೆ ಹಚ್ಚಿ ನೋಡಿದ ಚುಕ್ಕೆಯಷ್ಟು ಜಾಗ ಮರುದಿನ ದದ್ದರಿಸಿ ಉರಿಯಿತು. ಹಸಿರು ಪೊಟ್ಟಣದೊಳಗೆ ಅದೇ ಹಳೆಯ ವಿಷ ಬೆರೆತಿತ್ತು.

ನಾನು ತವರಿಗೆ ಹೋದಾಗ ನಂಜನಗೂಡಿನಲ್ಲಿ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯಾಕೆ ನೀಲಿ ಗಿಡದ ಎಲೆಯ ಪುಡಿ ಕೊಟ್ಟು, "ಮೊದ್ಲು ಮದರಂಗಿ ಹಚ್ಚಿ ತೊಳೀಬೇಕು, ಆಮೇಲೆ ಇದನ್ನ ಬೆಚ್ಚನೆ ನೀರಲ್ಲಿ ಕಲ್ಸಿ ಹಚ್ಬೇಕು. ತೊಳ್ದಾಗ ಹಸ್ರುಹಸ್ರು ಕಾಣ್ತದೆ, ಗಾಬ್ರಿ ಆಗ್ಬೇಡಿ, ತಡ್ದು ಕಪ್ಪಾಯ್ತದೆ" ಎಂದಳು.

ಅದನ್ನೂ ಮೊದಲು ಮೊಣಕೈಗೆ ಹಚ್ಚಿ ಕಾದೆವು. ಏನೂ ಆಗಲಿಲ್ಲ. ಭಾನುವಾರ ನಾನೇ ಹಚ್ಚಿದೆ. ತೊಳೆದ ಮೇಲೆ ಪಾಚಿಯ ಬಣ್ಣ ಕಂಡು ರಾಜಕ್ಕ ತಲೆಗೆ ಸೆರಗು ಬಿಗಿದು ಕೂತರು. ಮರುದಿನ ಸಂಜೆಗೆ ಕೂದಲು ಕಪ್ಪಾಗಿತ್ತು. ಜಡೆ ಹೆಣೆದು, ಆಫೀಸಿನ ಚೀಲ ಹಿಡಿದು, ಮೂಲೆಯಿಂದ ನಡೆದು ಬಂದರು. ಬೀದಿಯಲ್ಲಿ ನಿಂತಿದ್ದ ಚಿಕ್ಕತಾಯಮ್ಮ ನೋಡಿದರು.

"ಎಲ್ಲೋಗಿದ್ಯೆ ರಾಜಿ, ಇಸ್ಟೊತ್ತು? ಒಟ್ಟೆ ಅಸಿತದೆ ಕಣೆ."

ಆ ದಿನ ರಾಜಕ್ಕ ಮುದ್ದೆ ಮುರಿದು ಸಾರಲ್ಲಿ ಅದ್ದಿ ತಾಯಿಗೆ ತಿನ್ನಿಸಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಎರಡು ವರ್ಷ ಹಾಗೇ ನಡೆಯಿತು. ಬೈತಲೆಯಲ್ಲಿ ಬಿಳುಪು ಕಾಣುವ ಮೊದಲೇ ಮದರಂಗಿ ನೆನೆಯುತ್ತಿತ್ತು. ಆಫೀಸಿನಲ್ಲಿ ಆಡಿಕೊಳ್ಳುವವರಿದ್ದರು: ಈ ವಯಸ್ಸಲ್ಲಿ ಯಾರಿಗೆ ತೋರಿಸಲು ಈ ಶೋಕಿ ಎಂದು. ರಾಜಕ್ಕ ಒಬ್ಬರಿಗೂ ಕಾರಣ ಹೇಳಲಿಲ್ಲ.

ಆಮೇಲೊಂದು ಸಂಜೆ, ಹಿಂದಿನ ದಿನವಷ್ಟೇ ಬಣ್ಣ ಹಚ್ಚಿದ ತಲೆಯನ್ನು ನೋಡುತ್ತಲೇ ಚಿಕ್ಕತಾಯಮ್ಮ, "ಯಾರವ್ವ ನೀನು?" ಎಂದರು. ರಾಜಕ್ಕ ಜಡೆಯನ್ನು ಮುಂದಕ್ಕೆ ಎಳೆದು ತೋರಿಸಿದರು. ಆಕೆ ಅದನ್ನು ಮುಟ್ಟಿ, "ಚಂದಾಗದೆ" ಎಂದು ಕೈಬಿಟ್ಟರು. ಮಗಳು ಹಾಗಿರಲಿ, ಮಗಳ ಕಪ್ಪು ಕೂದಲೂ ಮರೆತುಹೋಗಿತ್ತು. ಹೆಸರೊಂದು ಮಾತ್ರ ಉಳಿದಿತ್ತು.

"ಇನ್ಯಾಕೆ ರಾಜಕ್ಕ ಇದೆಲ್ಲ?" ಎಂದು ಕೇಳಿದೆ.

"ಯಾವತ್ತಾದ್ರೂ ಒಂದ್ ಗಳಿಗೆ ನೆಪ್ಪಾದ್ರೆ? ಆಗ ನಾನ್ ಬೆಳ್ಳಗಿದ್ರೆ?" ಎಂದು ಪುಡಿ ಕಲಸಿದರು.

ಅಂಥ ಗಳಿಗೆ ಬರಲಿಲ್ಲ. ಕೊನೆಯ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ತಾಯಿಯ ತಲೆ ಮಗಳ ತೊಡೆಯ ಮೇಲಿತ್ತು, ಕೈ ಮಗಳ ಕೈಯನ್ನು ಬಿಗಿಯಾಗಿ ಹಿಡಿದಿತ್ತು. "ನನ್ ಮಗ್ಳಿಗ್ ಏಳ್ಕಳ್ಸವ್ವ. ರಾಜಿಗೆ" ಎಂದರು ಕ್ಷೀಣವಾಗಿ.

ರಾಜಕ್ಕ ಬಾಗಿ, "ಏಳ್ಕಳ್ಸಿದೀನಿ ಕಣವ್ವ. ಬತ್ತಾವ್ಳೆ" ಎಂದರು.

ಮಣ್ಣು ಮಾಡಿ ಬಂದ ಕೆಲವು ತಿಂಗಳ ಮೇಲೆ ರಾಜಕ್ಕ ಬೇರೆ ತಾಲ್ಲೂಕಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋದೆ. ಬೈತಲೆಯ ಎರಡೂ ಬದಿಗೆ ಬಿಳುಪು ಅಗಲವಾಗಿ ಹರಡಿತ್ತು. ಬಸ್ಸು ಬಂದಾಗ ಚೀಲ ಎತ್ತಿಕೊಳ್ಳುತ್ತಾ ಕೇಳಿದರು:

"ಅವತ್ತು ಅವ್ವ ನನ್ ಕೈ ಬಿಗಿಯಾಗಿ ಹಿಡ್ಕೊಂಡಿದ್ಲಲ್ಲ ಪದ್ಮಾ, ಯಾರ ಕೈ ಅನ್ಕೊಂಡು ಹಿಡ್ಕೊಂಡಿದ್ಲು?"

ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದರು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರೆಂದು ಆಫೀಸಿನವರಿಂದ ಗೊತ್ತಾಯಿತು. ಆಗ ಹತ್ತಿರ ಯಾರಿದ್ದರು ಎಂದು ಕೇಳಿದೆ. ಅದು ಯಾರಿಗೂ ಗೊತ್ತಿರಲಿಲ್ಲ.