ಅಕ್ಕ ಯಾರಿಗೂ ಹೇಳದೆ ತಿಂದ ಪುಡಿ

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಅವ್ವನ ಕಾಲಿನ ಗಾಯ ಅದರಿಂದಲೇ ಮಾಯದೆ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಸೋಸಲೆಗೆ ಕೊಟ್ಟಿದ್ದ ನನ್ನ ಅಕ್ಕನಿಗೂ ಅದೇ ಬಂದ ಮೇಲೆ, ನಂಜನಗೂಡಿನಿಂದ ಅವಳನ್ನು ನೋಡಲು ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅವಳ ಪಾದಗಳ ಕಡೆಗೇ ಹೋಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಟಿ. ನರಸೀಪುರದ ಡಾಕ್ಟರು, ಮುಂದಿನ ಸಲವೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡೋಣ ಎಂದಿದ್ದರು. ಆ ಸಲ ಕರೆದೊಯ್ಯಲು ನಾನು ಕಾರ್ಖಾನೆಗೆ ರಜೆ ಹಾಕಿ ಸೋಸಲೆಗೆ ಹೋದೆ. ಅಕ್ಕ ಎಂದಿಗಿಂತ ಹುರುಪಿನಲ್ಲಿದ್ದಳು. ರಕ್ತ ಪರೀಕ್ಷೆ ಇದೆಯೆಂದು ಏನೂ ತಿಂದಿರಲಿಲ್ಲ, ಮಾತ್ರೆ ಮಾತ್ರ ನುಂಗಿದ್ದಳಂತೆ.

ಬಸ್ಸಿನಲ್ಲಿ ಅವಳ ಮಾತು ನಿಂತುಹೋಯಿತು. ಹಣೆಯಲ್ಲಿ ಬೆವರು. ಸೆಕೆಯಿರಬೇಕು ಅಂದುಕೊಂಡೆ. ನರಸೀಪುರದಲ್ಲಿ ಇಳಿಸುವಾಗ ಅವಳ ಕೈ ನಡುಗುತ್ತಿತ್ತು, ರವಿಕೆ ಒದ್ದೆಯಾಗಿತ್ತು. ಏನಾಯ್ತಕ್ಕ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು.

"ನೀ ಯಾರ ಮನೆಯವ್ನಪ್ಪ?"

ಅವಳನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಕಬ್ಬಿನ ಹಾಲು ಕುಡಿಸಿ ಎಂದರು. ಸಕ್ಕರೆ ಕಾಯಿಲೆಯವಳಿಗೆ ಕಬ್ಬಿನ ಹಾಲೇ? ಸಕ್ಕರೆ ಏರಿ ಹೀಗಾಗಿದ್ದರೆ? ಅವಳನ್ನು ತಬ್ಬಿ ಹಿಡಿದುಕೊಂಡೇ ಡಾಕ್ಟರ ಕ್ಲಿನಿಕ್ಕಿಗೆ ಫೋನು ಹಚ್ಚಿದೆ. ಬೆವರುತ್ತಿದ್ದಾರಾ ಎಂದು ನರ್ಸ್ ಕೇಳಿದರು. ಹೌದೆಂದೆ.

"ಕುಡಿದ್ರೆ ನುಂಗೋಕಾಯ್ತದೆ ತಾನೇ? ಹಂಗಾದ್ರೆ ಯೋಚ್ನೆ ಮಾಡ್ತಾ ನಿಲ್ಬೇಡಿ ಸಾ, ಸಿಹಿ ಕುಡ್ಸಿ. ಆಮೇಲೆ ಆಟೋದಲ್ಲಿ ಕರ್ಕಂಡ್ ಬನ್ನಿ."

ಆ ಹೆಂಗಸು ತಂದುಕೊಟ್ಟ ಕಬ್ಬಿನ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಆ ಲೋಟ ಮುಗಿಯುವಷ್ಟರಲ್ಲಿ ನಾನು ಹೊರದ ಹರಕೆಯಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ನಿಧಾನವಾಗಿ, "ಯಾಕ್ಲಾ ಅಳ್ತಿದೀಯ?" ಎಂದಳು.

ಕ್ಲಿನಿಕ್ಕಿನಲ್ಲಿ ಬೆರಳಿಗೆ ಚುಚ್ಚಿ ನೋಡಿದಾಗ, ಅಷ್ಟು ಕುಡಿದಿದ್ದರೂ ಸಕ್ಕರೆ ಇನ್ನೂ ಕಡಿಮೆಯೇ ಇತ್ತು. ಮಾತ್ರೆ ಬಿಟ್ಟು ಬೇರೇನು ತಗೊಳ್ತಿದ್ದೀರಿ ಎಂದು ಡಾಕ್ಟರು ಎರಡು ಸಲ ಕೇಳಿದ ಮೇಲೆ, ಅಕ್ಕ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಬೀದಿಯಲ್ಲಿ ಪರಿಚಯದವರೊಬ್ಬರು ಮಾರುತ್ತಿದ್ದ ಪುಡಿ. ಸಕ್ಕರೆಗೆ ರಾಮಬಾಣ, ಬರೀ ಗಿಡಮೂಲಿಕೆ ಎಂದಿದ್ದರಂತೆ. ಡಾಕ್ಟರು ಬೈಯಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿ, ಇದರಲ್ಲಿ ಇನ್ನೇನು ಬೆರೆಸಿದ್ದಾರೋ ತನಗೂ ಗೊತ್ತಾಗುವುದಿಲ್ಲ ಎಂದರು. ಮಾತ್ರೆಯ ಜೊತೆಗೆ ಇದೂ ಸೇರಿ, ಮೇಲೆ ಖಾಲಿ ಹೊಟ್ಟೆ, ಅದಕ್ಕೇ ಸಕ್ಕರೆ ಇಷ್ಟು ಇಳಿದಿದೆ. ದಾರಿಯಲ್ಲಿ ಒಬ್ಬಳೇ ಇದ್ದಿದ್ದರೆ ಕಷ್ಟವಾಗುತ್ತಿತ್ತು ಎಂದರು.

ಮಧ್ಯಾಹ್ನದವರೆಗೂ ಅಲ್ಲೇ ಮಲಗಿಸಿಕೊಂಡರು. ನನಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಗೋಡೆಯ ಕಡೆಗೆ ತಿರುಗಿದಳು.

"ಅವ್ವಂಗೂ ಮೊದ್ಲು ಸೂಜಿ, ಆಮೇಲೆ ಕಾಲು ತಾನೇ ಓಗಿದ್ದು? ಬಯ ಆಯ್ತು ಕಣಪ್ಪ."

ಅವ್ವನಿಗೆ ಸೂಜಿ ಶುರುವಾದದ್ದೇ ತಡವಾಗಿ ಎಂದು ಡಾಕ್ಟರು ಅವಳಿಗೆ ತಾಳ್ಮೆಯಿಂದ ತಿಳಿಸಿದರು. ಪುಡಿ ನಿಂತಿತು. ಸಕ್ಕರೆ ಮತ್ತೆ ಏರಿದ್ದರಿಂದ ಕೆಲವು ವಾರಗಳ ನಂತರ ಇನ್ಸುಲಿನ್ ಶುರುವಾಯಿತು. ಈಗ ಅವಳೇ ಹಾಕಿಕೊಳ್ಳುತ್ತಾಳೆ. ಪಾದಗಳು ಚೆನ್ನಾಗಿವೆ. ಮೆಂತ್ಯ ನೆನೆಸಿದ ನೀರು ಕುಡಿಯುವುದಕ್ಕೂ ಮೊದಲು ಡಾಕ್ಟರನ್ನು ಕೇಳುತ್ತಾಳೆ.

ನನ್ನ ಭಯ ಮಾತ್ರ ಹೋಗಿಲ್ಲ. ಬೆಳಿಗ್ಗೆ ಅವಳು ಎತ್ತದೆ ಫೋನು ರಿಂಗಾಗುತ್ತಲೇ ಇದ್ದರೆ, ಕಾರ್ಖಾನೆಯ ಸದ್ದಿನಿಂದ ಹೊರಬಂದು ಗೇಟಿನ ಹತ್ತಿರ ಮತ್ತೆ ಮತ್ತೆ ಅವಳ ನಂಬರು ಒತ್ತುತ್ತ ನಿಲ್ಲುತ್ತೇನೆ. ಹಾಲು ಕರೀತಿದ್ದೆ ಎಂದು ಅವಳು ಗದರುವವರೆಗೂ.