ಹುಣಸೆಹಣ್ಣಿನಲ್ಲಿ ತಿಕ್ಕಿದ ಗಂಟೆ

ಇವತ್ತು ಆನ್‌ಲೈನ್ ಹರಾಜಿನಲ್ಲಿ ಕಪ್ಪುಹಿಡಿದ ಹಿತ್ತಾಳೆ ಗಂಟೆಯೊಂದನ್ನು ನೋಡಿದೆ. ಕೆಳಗೆ ‘ಒಮ್ಮೆಯೂ ಉಜ್ಜಿಲ್ಲ’ ಎಂದು ಹೆಮ್ಮೆಯಿಂದ ಬರೆದಿದ್ದರು. ಮೂಗಿಗೆ ಹುಣಸೆಹಣ್ಣಿನ ಹುಳಿ ವಾಸನೆ ಬಡಿಯಿತು.

ನನ್ನ ಬಾಲ್ಯದಲ್ಲಿ ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಅಹಮದಾಬಾದಿನ ಮಣಿನಗರದಲ್ಲಿದ್ದೆವು. ಹರಾಜಿನ ಅಂಗಡಿಯ ಗೋಡೆ ಗಡಿಯಾರದ ಮೇಲೆ ಅವರ ಕಣ್ಣು ಬಿತ್ತು. ಅದಕ್ಕಾಗಿ ಅಜ್ಜಿ ಊರಿಂದ ತಂದಿದ್ದ ದೇವರಮನೆಯ ತೂಗುಗಂಟೆಯನ್ನು ಮಾರಲು ಹೊರಟರು. ಅಜ್ಜಿಗೆ ಮಾತ್ರ, “ಇಲ್ಲಿನ ದೇವಸ್ಥಾನಕ್ಕೆ ಕೊಡ್ತೀನಮ್ಮ” ಎಂದರು. ನನಗೆ ನಿಜ ಗೊತ್ತಿತ್ತು.

“ದೇವರ ಹತ್ರ ಹೋಗೋದು, ಕಿಲುಬು ಇರಬಾರದು ಮಗೂ” ಎನ್ನುತ್ತ ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ನಾನೂ ತಿಕ್ಕಿದೆ. ಗಂಟೆ ಚಿನ್ನದಂತಾಯಿತು.

“ಅರೇ ಸಾಹೇಬ್, ಕಿಸ್ನೇ ಘಿಸಾ?” ಯಾರು ಉಜ್ಜಿದ್ದೆಂದು ಕೇಳಿ ಹರಾಜಿನವನು ಹಣೆ ಚಚ್ಚಿಕೊಂಡ. ಹಳೆಯದೆಂಬ ಗುರುತೇ ಉಳಿದಿಲ್ಲವೆಂದು ಗುಜರಿ ಹಿತ್ತಾಳೆಯ ಜೊತೆ ತೂಕಕ್ಕೆ ಹಾಕಿದ. ಗಡಿಯಾರ ಬೇರೆ ಯಾರದೋ ಪಾಲಾಯಿತು. ಮನೆಗೆ ಮರಳುವ ದಾರಿಯುದ್ದಕ್ಕೂ ಅಪ್ಪ ನನ್ನೆದುರು ಬೈದದ್ದು ಮನೆಯಲ್ಲಿದ್ದ ಅಜ್ಜಿಯನ್ನು.

ಸಂಜೆ ಗುಡಿಯಿಂದ ಆರತಿಯ ಗಂಟೆ ಕೇಳಿದಾಗಲೆಲ್ಲ ಅಜ್ಜಿ ಕೇಳುತ್ತಿದ್ದಳು, “ಅದು ನಮ್ಮ ಗಂಟೇನೇ ಅಲ್ವಾ?”

“ಹೌದಜ್ಜಿ” ಎನ್ನುತ್ತಿದ್ದೆ. ಅಪ್ಪ ಸುಳ್ಳು ಹೇಳಿದ್ದು ಒಂದೇ ಸಲ. ನಾನು ಅವಳು ಸಾಯುವವರೆಗೂ ಹೇಳಿದೆ.

ಹರಾಜಿನ ಪುಟದಲ್ಲಿ ‘ಗಂಟೆಯ ಸದ್ದು ಕೇಳಲು ಇಲ್ಲಿ ಒತ್ತಿ’ ಎಂದಿದೆ. ನನ್ನ ಕೈ ಏಳುತ್ತಿಲ್ಲ.