ಇಬ್ಬರಾದರೂ ಇರಲೆಂದು ಕಲಿತ ಭಾಷೆ

ಯಾವ ಭಾಷೆ ಕಲಿಯಬೇಕಾದರೂ ಅದನ್ನು ಬಲ್ಲವರು ಒಬ್ಬರಾದರೂ ಹತ್ತಿರ ಇರಬೇಕು ಎಂಬುದು ನನ್ನ ಹಳೆಯ ಹಟ. ಅರವತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಕಂಪ್ಯೂಟರಿನ ಭಾಷೆಯೊಂದನ್ನು ಆರಿಸಿಕೊಂಡದ್ದೂ ಈ ಹಟದಿಂದಲೇ. ಕಂಪ್ಯೂಟರನ್ನು ನಾನು ಕಣ್ಣಿಂದ ಕಂಡಿರಲಿಲ್ಲ. ನಮ್ಮ ಗಣಿತದ ಮೇಷ್ಟ್ರೊಬ್ಬರನ್ನು ಬಿಟ್ಟರೆ ಕಾಲೇಜಿನಲ್ಲಿ ಇನ್ನಾರೂ ಕಂಡಿರಲಿಲ್ಲ.

ಮೇಷ್ಟ್ರು ಬೇಸಿಗೆ ರಜೆಯಲ್ಲಿ ಉತ್ತರದ ಕಡೆ ಎಲ್ಲೋ ತರಬೇತಿಗೆ ಹೋಗಿದ್ದವರು ಎರಡು ತೆಳ್ಳನೆಯ ಪುಸ್ತಕ ಎರವಲು ತಂದಿದ್ದರು. ಕ್ಲಾಸಿನಲ್ಲಿ ಅವನ್ನು ಎತ್ತಿ ತೋರಿಸಿ, ಕಲಿಯುವ ಮನಸ್ಸಿದ್ದವರು ಬನ್ನಿ ಎಂದರು. ಅಷ್ಟು ಜನರಲ್ಲಿ ಎದ್ದು ಹೋದವನು ನಾನೊಬ್ಬನೇ. ಉಳಿದವರ ಕಣ್ಣಿಗೆ ಆಗಲೇ ಪಿಡಬ್ಲ್ಯುಡಿ ನೌಕರಿ ಕಾಣುತ್ತಿತ್ತು. "ಊರಿಗೊಂದು ದಾರಿ ಆದ್ರೆ ಪೋರಂಗೊಂದು ದಾರಿ," ಎಂದು ಹಿಂದಿನ ಬೆಂಚಿನವನು ನಗಿಸಿದ.

"ಇದು ಫೋರ್‌ಟ್ರಾನ್, ವಿಜ್ಞಾನದ ಲೆಕ್ಕಕ್ಕೆ. ಇದು ಕೋಬಾಲ್, ವ್ಯಾಪಾರದ ಕೆಲಸಕ್ಕೆ. ಒಂದು ಆರಿಸ್ಕೋ. ಎರಡೂ ಅಂತ ಹೋದ್ರೆ ಯಾವುದೂ ಬರಂಗಿಲ್ಲ," ಎಂದರು ಮೇಷ್ಟ್ರು. ಬೆಂಗಳೂರಿನಲ್ಲಿ ಯಂತ್ರವಿದ್ದ ಕಡೆ ಅವರಿಗೊಬ್ಬ ಗೆಳೆಯರಿದ್ದರು. ನಾನು ಬರೆದದ್ದನ್ನು ಅಂಚೆಯಲ್ಲಿ ಕಳಿಸಿದರೆ ಒಮ್ಮೆ, ಒಂದೇ ಒಮ್ಮೆ, ಯಂತ್ರಕ್ಕೆ ಹಾಕಿಸಿ ಕೊಡಲು ಒಪ್ಪಿದ್ದರಂತೆ.

ನಮ್ಮದು ಹರಿಹರದಲ್ಲಿ ಕಾಳಿನ ಅಂಗಡಿ. ವಿಷಯ ಹೇಳಿದಾಗ ಅಪ್ಪ, "ವ್ಯಾಪಾರದ್ದೇ ತಗಾ. ನಾಳೆ ಅಂಗಡಿಗಾದ್ರೂ ಬರ್ತೈತೆ," ಎಂದರು. ಯಂತ್ರವೇ ಇಲ್ಲದೆ ಅಂಗಡಿಗೆ ಬರುವುದು ಹೇಗೆಂದು ಕೇಳುವ ಧೈರ್ಯ ನನಗಿರಲಿಲ್ಲ. ಹೂಂ ಎಂದು ತಲೆಯಾಡಿಸಿ ಮರುದಿನ ಫೋರ್‌ಟ್ರಾನ್ ತಂದೆ. ಮೇಷ್ಟ್ರು ತರಬೇತಿಗೆ ಹೋಗಿದ್ದು ಅದಕ್ಕೇ. ಕೋಬಾಲ್ ಆದರೆ ನಾನೊಬ್ಬನೇ, ಇದಾದರೆ ನಾವಿಬ್ಬರು. ಬೇರೆ ಯಾವ ಕಾರಣವೂ ಇರಲಿಲ್ಲ.

ಈ ಇಬ್ಬರು ಎನ್ನುವುದಕ್ಕೆ ನಾನು ಅಷ್ಟೊಂದು ಹಾತೊರೆದದ್ದು ಯಾಕೆಂದು ಹೇಳಿಬಿಡುತ್ತೇನೆ. ನಾನು ದಿನಾ ರೈಲಿನಲ್ಲಿ ಓಡಾಡುವವನು. ಹಾಸ್ಟೆಲಿನವರಿಗೆ ನಾನು ಹರಿಹರದವನು, ಹರಿಹರದ ಓರಗೆಯವರಿಗೆ ದಾವಣಗೆರೆಯವನು. ಆಟಕ್ಕೆ ಇವರೂ ಕರೆಯರು, ಅವರೂ ಕರೆಯರು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ಬೇರೆ. ಇಡೀ ದಿನ ಯಾರೊಂದಿಗೂ ಮಾತಾಡದೆ ಮನೆಗೆ ಮರಳಿದ ದಿನಗಳಿವೆ. ಆ ದಿನಗಳಲ್ಲಿ ನನಗೆ ಬಹಳ ದುಃಖವಾಗುತ್ತಿತ್ತು.

ಮೇಷ್ಟ್ರ ರೂಮು ವಿನೋಬನಗರದಲ್ಲಿ. ಮದುವೆಯಾಗಿರಲಿಲ್ಲ. ಕಾಲೇಜು ಬಿಟ್ಟ ಮೇಲೆ ರೈಲಿಗೆ ಒಂದೂವರೆ ಗಂಟೆ ಇರುತ್ತಿತ್ತು, ಅದಿಷ್ಟೂ ಅಲ್ಲೇ. ಅವರು ಮಂಡಕ್ಕಿ ಕಲಸುತ್ತಿದ್ದರು, ನಾನು ಹಿಂದಿನ ದಿನ ಓದಿದ್ದನ್ನು ಒಪ್ಪಿಸುತ್ತಿದ್ದೆ. "ಹೂಂ, ಸರಿ ಐತೆ. ಮುಂದಕ್ಕೆ?" ಎನ್ನುವರು. ಸಂಶಯ ಕೇಳಿದರೆ, "ನೀನೇ ಯೋಚ್ನೆ ಮಾಡು," ಎನ್ನುವರು. ಬಾಯಿಬಿಟ್ಟು ಒಂದು ಉತ್ತರ ಹೇಳದೆ ಶಿಷ್ಯನಿಂದಲೇ ಹೊರಡಿಸುವ ಎಂಥ ಗುರು ಎಂದು ನಾನು ಉಬ್ಬಿಹೋದೆ. ಪುಸ್ತಕ ವಾಪಸು ಕೊಡಬೇಕಿತ್ತಲ್ಲ, ಇಡೀ ಪುಸ್ತಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಯಂತ್ರಕ್ಕೆ ಕಳಿಸಲು ನಾನು ಆರಿಸಿಕೊಂಡ ಲೆಕ್ಕ ಬಹಳ ಸಣ್ಣದು. ನನ್ನ ಸಂಜೆಯ ರೈಲು ಮೂವತ್ತು ದಿನ ಎಷ್ಟೆಷ್ಟು ನಿಮಿಷ ತಡವಾಗಿ ಬಂತೆಂದು ಬರೆದಿಟ್ಟಿದ್ದೆ. ಸರಾಸರಿ ಎಷ್ಟು ತಡ? ಉತ್ತರ ನನಗೆ ಮೊದಲೇ ಗೊತ್ತಿತ್ತು. ನನಗೆ ಬೇಕಿದ್ದದ್ದು ಉತ್ತರವಲ್ಲ. ನಾನು ಆಡಿದ್ದು ಆ ಕಡೆಯವರಿಗೆ ತಿಳಿಯಿತು ಎಂಬ ಒಂದು ಗುರುತು ಬೇಕಿತ್ತು.

ಕೊನೆಯ ಪ್ರತಿ ಮಾಡಲು ಕೂತೆ. ನಮ್ಮ ಮನೆಯಲ್ಲಿ ತಲೆಯ ಮೇಲೆ ಶ್ರೀ ಬರೆಯದೆ ಯಾವ ಹಾಳೆಯನ್ನೂ ಶುರು ಮಾಡುವುದಿಲ್ಲ. ಲಗ್ನಪತ್ರಿಕೆಯಾಗಲಿ, ನೆಂಟರಿಗೆ ಕಾಗದವಾಗಲಿ, ಪರೀಕ್ಷೆಯ ಉತ್ತರವಾಗಲಿ, ಮೊದಲು ಅದು. ಕೈ ತಾನಾಗಿ ಬರೆಯಿತು. ಯಂತ್ರಕ್ಕೆ ಕನ್ನಡ ಬಾರದೆಂದು ನೆನಪಾಗಿ, ಬಹಳ ಜಾಣತನ ಮಾಡಿದವನಂತೆ, ಬೇರೆ ಹಾಳೆಯಲ್ಲಿ ಅದನ್ನೇ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದೆ. ಮೇಷ್ಟ್ರು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಮೊದಲ ಸಾಲಿನ ಮೇಲೆ ಅವರ ಬೆರಳು ತುಸು ನಿಂತದ್ದನ್ನು ಕಂಡೆ. ಆಮೇಲೆ ಮಡಚಿ ಲಕೋಟೆಗೆ ಹಾಕಿದರು.

ಒಂದೂವರೆ ತಿಂಗಳು ಕಾದೆ. ತಾಳಿದವನು ಬಾಳಿಯಾನು ಎಂದು ಮೇಷ್ಟ್ರು ಸಮಾಧಾನ ಮಾಡುತ್ತಿದ್ದರು. ಕೊನೆಗೆ ಬೆಂಗಳೂರಿನಿಂದ ಅಗಲವಾದ ಹಾಳೆ ಬಂತು. ಅಲ್ಲಿ ನಾವು ಬರೆದ ಒಂದೊಂದು ಸಾಲನ್ನೂ ಒಬ್ಬ ಗುಮಾಸ್ತ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಮಾಡಿ ಯಂತ್ರಕ್ಕೆ ಕೊಡುತ್ತಾನೆ. ಆ ಪುಣ್ಯಾತ್ಮ ಶ್ರೀಗೂ ಒಂದು ಕಾರ್ಡು ಮಾಡಿದ್ದ. ಹಾಳೆಯಲ್ಲಿ ಅದು ಮೊದಲ ಸಾಲು. ಅದರ ಕೆಳಗೆ, ಈ ಮಾತು ತನಗೆ ತಿಳಿಯದು ಎಂಬರ್ಥದ ಯಂತ್ರದ ಸಾಲು. ನನ್ನ ಲೆಕ್ಕವನ್ನು ಅದು ಮಾಡಿಯೇ ಇರಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ ಗೆಳೆಯರು ಇನ್ನೊಮ್ಮೆ ಸಾಧ್ಯವಿಲ್ಲ, ಕ್ಷಮಿಸಬೇಕು ಎಂದಿದ್ದರು.

"ನೋಡಿದ್ರಲ್ರೀ ಸರ್! ಆವತ್ತೇ ಹೊಡ್ದು ಹಾಕಬಾರದಿತ್ತೇನ್ರಿ?" ಎಂದು ರೇಗಿದೆ.

"ಶ್ರೀ ಬರ್ದಿದ್ದನ್ನ ಹೊಡ್ದು ಹಾಕಾದು ಹೆಂಗಪ್ಪ? ಕೈ ಬರಲಿಲ್ಲ," ಎಂದರು. ಅವರದೂ ನಮ್ಮಂಥದೇ ಮನೆ. ಅವರ ಜಾಗದಲ್ಲಿ ನಾನಿದ್ದರೂ ಹೊಡೆಯುತ್ತಿರಲಿಲ್ಲ. ಆದರೂ ಒಂದು ವಾರ ಅವರ ರೂಮಿನ ಕಡೆ ಹೋಗಲಿಲ್ಲ.

ಅದೇ ವರ್ಷ ಅವರಿಗೆ ಉತ್ತರದಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಟ ದಿನ ಸ್ಟೇಷನ್ನಿಗೆ ಬಂದವನು ನಾನೊಬ್ಬನೇ. ಅವರ ರೈಲು ಹರಿಹರದ ಮೇಲೇ ಹೋಗುವುದರಿಂದ ನಾನೂ ಅದನ್ನೇ ಹತ್ತಿ ಎದುರು ಕೂತೆ. ಇನ್ನು ಕಾಗದದಲ್ಲೇ ಫೋರ್‌ಟ್ರಾನ್ ಮುಂದುವರಿಸೋಣ ಎಂದೆ. ಅವರು ನನ್ನ ಕಡೆಗೆ ಬಗ್ಗಿದರು.

"ಒಂದು ಮಾತು, ಬೇಜಾರಾಗ್ಬ್ಯಾಡ. ನಂಗೆ ಫೋರ್‌ಟ್ರಾನ್ ಬರಂಗಿಲ್ಲ. ಆ ತರಬೇತಿಗೆ ಹೋದಾಗ ಜ್ವರ ಹಿಡ್ದು ಮಲಗಿಬಿಟ್ಟೆ. ಮೂರನೇ ಪಾಠದಿಂದ ಈಚೆ ನೀ ಹೇಳಿದ್ದು ಒಂದೂ ತಿಳೀಲಿಲ್ಲ."

"ಮತ್ತೆ ದಿನಾ ಸರಿ ಐತೆ ಅಂತಿದ್ರಲ್ರೀ?"

"ಇಲ್ಲ ಅಂದ್ರೆ ನೀ ಬರಾದು ಬಿಡ್ತಿದ್ದೆ. ನನ್ ರೂಮಿಗೆ ಬರೋರು ಇನ್ಯಾರಿದ್ರು?"

ನನಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ನಾನೊಬ್ಬನೇ ಒಂದು ಭಾಷೆಯನ್ನು ಗೋಡೆಯ ಮುಂದೆ ಆಡಿದ್ದೆನೇ? ಹರಿಹರ ಬಂತು. ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಿಂತೆ. ಅವರು ಕಿಟಕಿಯಿಂದ ಬಗ್ಗಿ, "ಬರ್ಲೇನಪ್ಪ?" ಎಂದರು. ಹೋಗಿ ಬರ್ರಿ ಎನ್ನಬೇಕಿತ್ತು. ನಾನು ಮುಖ ತಿರುಗಿಸಿಕೊಂಡು ನಡೆದುಬಿಟ್ಟೆ.

ಗೇಟು ದಾಟಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವರ ಮಾತು ನನಗೆ ಸರಿಯಾಗಿ ಕೇಳಿಸಿತು. ನನ್ನ ರೂಮಿಗೆ ಬರೋರು ಇನ್ಯಾರಿದ್ರು ಎಂದಿದ್ದರು. ತಿರುಗಿ ಓಡಿದೆ. ರೈಲು ಆಗಲೇ ಹೊಳೆಯ ಸೇತುವೆ ಹತ್ತಿತ್ತು. ಹೊಸ ಊರಿನ ವಿಳಾಸವನ್ನು ನಾನು ಕೇಳಿರಲಿಲ್ಲ.